ನಾಲ್ಕು ವರ್ಷವೂ ಮೂರು ಗಂಟೆಯೂ

ಹುಡುಗಿಯೊಬ್ಬಳಿಗೆ ಪಿಯುಸಿಯಲ್ಲಿ ನೂರಕ್ಕೆ ತೊಂಬತ್ತೈದು ಬಂದು, ಪ್ರವೇಶ ಪರೀಕ್ಷೆಯ ರ‍್ಯಾಂಕು ಎಲ್ಲೋ ಕೆಳಗೆ ಬಿದ್ದರೆ ನಮ್ಮ ಊರುಗಳಲ್ಲಿ ಅದಕ್ಕೊಂದು ವಿವರಣೆ ಸಿದ್ಧವಾಗಿಯೇ ಇರುತ್ತದೆ. "ಉರು ಹೊಡೆದು ಮಾರ್ಕ್ಸು ತೆಗೆದಳು, ತಲೆ ಓಡಿಸಬೇಕಾದ ಕಡೆ ಸಿಕ್ಕಿಬಿದ್ದಳು." ಹುಡುಗನೊಬ್ಬನಿಗೆ ಪಿಯುಸಿಯಲ್ಲಿ ಎಪ್ಪತ್ತೇ ಬಂದು ರ‍್ಯಾಂಕು ಚೆನ್ನಾಗಿದ್ದರೆ ಅದೇ ಬಾಯಿ ಹೇಳುತ್ತದೆ, "ತಲೆಯೇನೋ ಇದೆ, ಓದುವುದಿಲ್ಲ ಅಷ್ಟೆ." ಹೆಣ್ಣುಮಕ್ಕಳಿಗೆ ಗಣಿತ ಹೇಳಿಕೊಟ್ಟ ವರ್ಷಗಳಲ್ಲಿ ನಾನು ಈ ಎರಡೂ ಮಾತನ್ನು ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ ಕೇಳಿದ್ದೇನೆ. ಎರಡು ಅಳತೆಗೋಲು ಬೇರೆ ಬೇರೆ ಲೆಕ್ಕ ಹೇಳಿದಾಗ ಯಾವುದನ್ನು ನಂಬಬೇಕೆಂದು ಯಾರೂ ಕೇಳುವುದಿಲ್ಲ. ಮೂರು ಗಂಟೆಯದು ನಿಜ, ವರ್ಷಗಟ್ಟಲೆಯದು ಸೋಗು ಎಂದು ಮೊದಲೇ ತೀರ್ಮಾನವಾಗಿಬಿಟ್ಟಿರುತ್ತದೆ.

ಈ ತೀರ್ಮಾನವನ್ನು ಕೆದಕಿ ನೋಡಿದ ಒಂದು ಪುಸ್ತಕದ ಬಗ್ಗೆ ಇಲ್ಲಿ ಬರೆಯಬೇಕೆನಿಸಿದೆ. ಬರೆದವರು ಅಮೆರಿಕದ ಪತ್ರಕರ್ತ ಪಾಲ್ ಟಫ್. 2019ರಲ್ಲಿ 'ದ ಇಯರ್ಸ್ ದಟ್ ಮ್ಯಾಟರ್ ಮೋಸ್ಟ್' ಎಂಬ ಹೆಸರಿನಲ್ಲಿ ಬಂದ ಇದು 2021ರ ಆವೃತ್ತಿಯಲ್ಲಿ 'ದ ಇನಿಕ್ವಾಲಿಟಿ ಮೆಷೀನ್' ಎಂದು ಹೆಸರು ಬದಲಿಸಿಕೊಂಡಿತು. ಕಾಲೇಜಿನ ಬಾಗಿಲಲ್ಲಿ ಯಾರು ಒಳಗೆ ಹೋಗುತ್ತಾರೆ, ಯಾರು ಹೊರಗೆ ಉಳಿಯುತ್ತಾರೆ ಎಂಬುದೇ ವಸ್ತು. ಅಲ್ಲಿಯ ಪದ್ಧತಿ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಕಾಲೇಜಿಗೆ ಅರ್ಜಿ ಹಾಕುವ ಹುಡುಗಿ ಹೈಸ್ಕೂಲಿನ ನಾಲ್ಕು ವರ್ಷದ ಅಂಕಗಳನ್ನು ಕಳಿಸುತ್ತಾಳೆ. ತನ್ನ ಬಗ್ಗೆ ಒಂದು ಪ್ರಬಂಧ ಬರೆಯುತ್ತಾಳೆ. ಮೇಷ್ಟರುಗಳು ಪತ್ರ ಕೊಡುತ್ತಾರೆ. ಇವುಗಳ ಜೊತೆಗೆ ದೇಶಕ್ಕೆಲ್ಲ ಒಂದೇ ಆದ ಪರೀಕ್ಷೆಯ ಅಂಕ. ಆ ಪರೀಕ್ಷೆಗಳಲ್ಲಿ ಹೆಸರಾದದ್ದು 1926ರಲ್ಲಿ ಶುರುವಾದ ಎಸ್‌ಎಟಿ. ಆ ಮೂರಕ್ಷರದ ನಡುವಿನ 'ಎ' ಮೊದಲು ಆಪ್ಟಿಟ್ಯೂಡ್, ಅಂದರೆ ಹುಟ್ಟಿನಿಂದ ಬಂದ ಸಾಮರ್ಥ್ಯ ಎಂಬ ಅರ್ಥ ಹೊತ್ತಿತ್ತು. 1990ರ ದಶಕದಲ್ಲಿ ಪರೀಕ್ಷೆ ನಡೆಸುವವರೇ ಆ ಶಬ್ದವನ್ನು ಸದ್ದಿಲ್ಲದೆ ಕೈಬಿಟ್ಟರು. ಶಬ್ದ ಹೋಯಿತು, ಅದು ಜನರ ಮನಸ್ಸಿನಲ್ಲಿ ಬಿತ್ತಿದ ನಂಬಿಕೆ ಮಾತ್ರ ಉಳಿಯಿತು.

ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ವಿಂಗಡಣೆ. ಬಹುಪಾಲು ಮಕ್ಕಳಿಗೆ ಶಾಲೆಯ ಅಂಕವೂ ಎಸ್‌ಎಟಿ ಅಂಕವೂ ಹೆಚ್ಚುಕಡಿಮೆ ಒಂದೇ ಕಥೆ ಹೇಳುತ್ತವೆ. ಆದರೆ ಇಕ್ಕೆಲಗಳಲ್ಲಿ ಎರಡು ಗುಂಪುಗಳಿವೆ. ಒಂದು ಗುಂಪಿನವರ ಎಸ್‌ಎಟಿ ಅಂಕ ಶಾಲೆಯ ಅಂಕಕ್ಕಿಂತ ಮೇಲಿದೆ, ಇದನ್ನು ಉಬ್ಬಿದ ಅಂಕ ಎನ್ನೋಣ. ಇನ್ನೊಂದು ಗುಂಪಿನವರದು ಕೆಳಗಿದೆ, ಅದು ತಗ್ಗಿದ ಅಂಕ. ಈ ಗುಂಪುಗಳಲ್ಲಿ ಯಾರಿದ್ದಾರೆ? ಉಬ್ಬಿದ ಅಂಕದವರಲ್ಲಿ ಗಂಡುಮಕ್ಕಳು ಹೆಚ್ಚು, ಅನುಕೂಲಸ್ಥ ಮನೆಯವರು ಹೆಚ್ಚು, ಓದಿದ ತಂದೆತಾಯಿಗಳಿರುವವರು ಹೆಚ್ಚು. ತಗ್ಗಿದ ಅಂಕದವರಲ್ಲಿ ಹುಡುಗಿಯರು ಹೆಚ್ಚು, ಕರಿಯರು ಮತ್ತು ಸ್ಪ್ಯಾನಿಷ್ ಮಾತಿನ ಮನೆಯವರು ಹೆಚ್ಚು, ಮನೆತನದಲ್ಲಿಯೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತುವವರು ಹೆಚ್ಚು. ಇದು ಆಕಸ್ಮಿಕವೆಂದು ಹೇಗೆ ನಂಬುವುದು?

ಉಬ್ಬಿದ ಅಂಕ ಹೇಗೆ ಉಬ್ಬುತ್ತದೆ ಎನ್ನುವುದನ್ನು ಟಫ್ ವಾಷಿಂಗ್ಟನ್ ನಗರದ ಒಬ್ಬ ದುಬಾರಿ ಟ್ಯೂಷನ್ ಮೇಷ್ಟರ ಪಕ್ಕದಲ್ಲಿ ಕುಳಿತು ನೋಡುತ್ತಾರೆ. ಗಂಟೆಗೆ 400 ಡಾಲರ್ ತೆಗೆದುಕೊಳ್ಳುವ ಆತ ಮಾರುವುದು ಬರೀ ಸೂತ್ರಗಳನ್ನಲ್ಲ, ನಿರಾತಂಕವನ್ನು. ಈ ಪರೀಕ್ಷೆ ನಿನ್ನ ಯೋಗ್ಯತೆಯನ್ನು ಅಳೆಯುವುದಿಲ್ಲ, ಹೆದರಬೇಡ ಎಂದು ಮಕ್ಕಳಿಗೆ ಹೇಳಿಕೊಡುತ್ತಾನೆ. ಹೆದರಿಕೆ ಇಳಿದ ಮೇಲೆ ಅಂಕ ಏರುತ್ತದೆ. ಪುಸ್ತಕದ ಅತ್ಯಂತ ಚುರುಕಾದ ವ್ಯಂಗ್ಯ ಇದು. ಹಣವಿದ್ದವರ ಮನೆಯಲ್ಲಿ ಈ ಪರೀಕ್ಷೆಯನ್ನು ಯಾರೂ ನಂಬುವುದಿಲ್ಲ, ಅದಕ್ಕೇ ಅವರು ಅದರಲ್ಲಿ ಗೆಲ್ಲುತ್ತಾರೆ. ನಿಜವೆಂದು ನಂಬಿ ನಡುಗುವವಳು ಟ್ಯೂಷನ್ನಿಗೆ ದುಡ್ಡಿಲ್ಲದವಳು.

ಹಾಗಾದರೆ ತಗ್ಗಿದ ಅಂಕದ ಹುಡುಗಿ ಕಾಲೇಜಿಗೆ ಹೋದ ಮೇಲೆ ಏನಾಗುತ್ತಾಳೆ? ಪ್ರಶ್ನೆ ತೀರ್ಮಾನವಾಗಬೇಕಾದದ್ದು ಇಲ್ಲಿ. ಟೆಕ್ಸಸ್ ರಾಜ್ಯದಲ್ಲಿ 1997ರ ಒಂದು ಕಾಯಿದೆಯಂತೆ ಯಾವ ಊರಿನ ಯಾವ ಹೈಸ್ಕೂಲಿನಿಂದಲೇ ಆಗಲಿ, ತರಗತಿಯ ಮೇಲಿನ ಸಾಲಿನಲ್ಲಿ ನಿಂತ ಮಕ್ಕಳಿಗೆ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಜಾಗ ದೊರೆಯತೊಡಗಿತು. ಹಾಗಾಗಿ ಆಸ್ಟಿನ್ ನಗರದ ದೊಡ್ಡ ವಿಶ್ವವಿದ್ಯಾಲಯಕ್ಕೆ ಒಳ್ಳೆಯ ಅಂಕ, ಸಾಧಾರಣ ಎಸ್‌ಎಟಿ ಹೊತ್ತ ಮಕ್ಕಳು ಬಂದರು. ಅಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಡೇವಿಡ್ ಲಾಡಿ 1999ರಲ್ಲಿ ಮಾಡಿದ ಕೆಲಸವನ್ನು ಟಫ್ 2014ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಒಂದು ದೀರ್ಘ ಬರಹದಲ್ಲಿ ವಿವರಿಸಿದ್ದರು. ಉಳಿದವರಿಗಿಂತ ಸುಮಾರು 200 ಅಂಕ ಕಡಿಮೆ ಎಸ್‌ಎಟಿ ಇದ್ದ ಐವತ್ತು ಮಕ್ಕಳನ್ನು ಆತ ಒಂದು ಸಣ್ಣ ತರಗತಿಯಲ್ಲಿ ಕೂರಿಸಿದರು. ಪಾಠ ಅದೇ, ಪ್ರಶ್ನೆಪತ್ರಿಕೆಯೂ ಅದೇ, ಒಂದಿಷ್ಟೂ ಸಡಿಲಿಸಲಿಲ್ಲ. ಜೊತೆಗೆ ಇನ್ನಷ್ಟು ಗಮನ, ಹಿರಿಯ ವಿದ್ಯಾರ್ಥಿಗಳ ಆಸರೆ, ನೀವು ಇಲ್ಲಿಗೆ ಸಲ್ಲುವವರು ಎಂಬ ಮಾತು. ಕೋರ್ಸಿನ ಕೊನೆಗೆ ಆ ಐವತ್ತು ಮಕ್ಕಳ ಅಂಕಗಳು ದೊಡ್ಡ ತರಗತಿಯವರ ಅಂಕಗಳಿಗೆ ಸಮನಾಗಿದ್ದವು. ಆ 200 ಅಂಕದ ಕೊರತೆ ತಲೆಯಲ್ಲಿ ಇದ್ದಿದ್ದರೆ ಒಂದೇ ಕೋರ್ಸಿನಲ್ಲಿ ಎಲ್ಲಿಗೆ ಹೋಯಿತು?

ಇನ್ನೊಬ್ಬರು ಅದೇ ವಿಶ್ವವಿದ್ಯಾಲಯದ ಗಣಿತದ ಮೇಷ್ಟರು ಯೂರಿ ಟ್ರೈಸ್‌ಮನ್. ಆತ ಮೊದಲು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಇದ್ದಾಗ ಒಂದು ಸಂಗತಿ ಗಮನಿಸಿದ್ದರು. ಚೀನೀ ಮನೆತನದ ಮಕ್ಕಳು ಗುಂಪಿನಲ್ಲಿ ಕುಳಿತು, ಒಬ್ಬರ ತಪ್ಪನ್ನು ಒಬ್ಬರು ತೋರಿಸಿಕೊಳ್ಳುತ್ತ ಲೆಕ್ಕ ಮಾಡುತ್ತಿದ್ದರು. ಕರಿಯ ಮಕ್ಕಳು ಕಷ್ಟಪಟ್ಟು ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಅವರನ್ನೂ ಒಟ್ಟಿಗೆ ಕೂರಿಸಿ ಸುಲಭದ ಲೆಕ್ಕವಲ್ಲ, ಕಠಿಣವಾದ ಲೆಕ್ಕವನ್ನೇ ಕೊಟ್ಟಾಗ ಫಲಿತಾಂಶ ಬದಲಾಯಿತು. ನಾಲ್ಕೈದು ಹುಡುಗಿಯರು ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತು ಒಂದೇ ಲೆಕ್ಕಕ್ಕೆ ಜಗಳವಾಡುವುದನ್ನು ಕಂಡ ಯಾವ ಅಧ್ಯಾಪಕಿಗೂ ಇದು ಹೊಸ ಸುದ್ದಿಯಲ್ಲ.

ಇಷ್ಟು ಹೊಗಳಿದ ಮೇಲೆ ನನ್ನ ತಕರಾರುಗಳನ್ನೂ ಹೇಳಬೇಕು. ಮೊದಲನೆಯದು, ತಗ್ಗಿದ ಅಂಕದ ಗುಂಪಿನಲ್ಲಿ ಹುಡುಗಿಯರೇ ಹೆಚ್ಚೆಂದು ಹೇಳಿದ ಲೇಖಕರು ಆ ಮಾತನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಅವರ ಕಣ್ಣು ಬಡವ-ಬಲ್ಲಿದ, ಕರಿಯ-ಬಿಳಿಯ ಎಂಬ ಗೆರೆಗಳ ಮೇಲಿದೆ. ಹೆಣ್ಣು-ಗಂಡೆಂಬ ಗೆರೆ ಹಿಡಿದು ನಡೆದಿದ್ದರೆ ಅವರದೇ ದೇಶದ ಒಂದು ಮೊಕದ್ದಮೆ ಸಿಗುತ್ತಿತ್ತು. ನ್ಯೂಯಾರ್ಕ್ ರಾಜ್ಯ ಹೈಸ್ಕೂಲಿನ ಸಾಧನೆಗೆಂದು ಕೊಡುತ್ತಿದ್ದ ವಿದ್ಯಾರ್ಥಿವೇತನಗಳನ್ನು ಬರೀ ಎಸ್‌ಎಟಿ ಅಂಕದ ಮೇಲೆ ಹಂಚುತ್ತಿತ್ತು. 1987ರಲ್ಲಿ ಸ್ಪರ್ಧಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರೇ ಇದ್ದರೂ ದೊಡ್ಡ ಮೊತ್ತದ ವೇತನಗಳಲ್ಲಿ ನೂರಕ್ಕೆ 72 ಹುಡುಗರ ಪಾಲಾದವು. ಮಾರನೆಯ ವರ್ಷ ಶಾಲೆಯ ಅಂಕವನ್ನೂ ಸೇರಿಸಿ ನೋಡಿದಾಗ ಹುಡುಗಿಯರ ಪಾಲು ಏರಿತು. ಮತ್ತೆ ಹಳೆಯ ಪದ್ಧತಿಗೇ ಮರಳಲು ಹೊರಟಾಗ ಹುಡುಗಿಯರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1989ರಲ್ಲಿ ನ್ಯಾಯಾಧೀಶ ಜಾನ್ ವಾಕರ್ ಅವರ ಪರ ತೀರ್ಪು ಕೊಟ್ಟರು. ಮುಂದೆ ಕಾಲೇಜಿನಲ್ಲಿ ಹೇಗೆ ಓದಬಹುದೆಂದು ಊಹಿಸಲು ಮಾಡಿದ ಪರೀಕ್ಷೆಯಿಂದ ಹಿಂದೆ ಶಾಲೆಯಲ್ಲಿ ಮಾಡಿದ ಸಾಧನೆಯನ್ನು ಅಳೆಯಲಾಗದು ಎಂಬುದು ಅದರ ಸಾರ. ಆ ಊಹೆಯಾದರೂ ಹುಡುಗಿಯರ ವಿಷಯದಲ್ಲಿ ಸರಿಯಾಗಿತ್ತೆ? ಎಸ್‌ಎಟಿ ಹೇಳಿದ್ದಕ್ಕಿಂತ ಹೆಚ್ಚಿನ ಅಂಕವನ್ನೇ ಅವರು ಕಾಲೇಜಿನಲ್ಲಿ ತೆಗೆಯುತ್ತ ಬಂದಿದ್ದಾರೆ.

ಕಾರಣಗಳಲ್ಲಿ ಒಂದನ್ನು ಕ್ಯಾಥರಿನ್ ಬಾಲ್ಡಿಗ ಎಂಬ ಸಂಶೋಧಕಿ 2014ರಲ್ಲಿ ಪ್ರಕಟಿಸಿದರು. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಲ್ಲಿ, ವಿಷಯ ಅಷ್ಟೇ ಗೊತ್ತಿದ್ದರೂ, ಹೆಂಗಸರು ಗಂಡಸರಿಗಿಂತ ಹೆಚ್ಚು ಪ್ರಶ್ನೆಗಳನ್ನು ಬಿಟ್ಟುಬಿಡುತ್ತಾರೆ. ಓದಿದಾಗ ನನಗೆ ನಗುವೂ ಬಂತು, ಸಂಕಟವೂ ಆಯಿತು. ಖಾತ್ರಿ ಇಲ್ಲದೆ ಬಾಯಿ ಬಿಡಬೇಡ ಎಂದು ಹದಿನೇಳು ವರ್ಷ ಕಲಿಸಿದವರು ನಾವೇ. ಆ ಪಾಠವನ್ನು ಚೆನ್ನಾಗಿ ಕಲಿತದ್ದಕ್ಕೆ ಅವಳ ಅಂಕ ಕಳೆಯುತ್ತದೆ. ಎಸ್‌ಎಟಿಯವರು 2016ರಲ್ಲಿ ಆ ಕಡಿತವನ್ನು ತೆಗೆದುಹಾಕಿದರು.

ಎರಡನೆಯ ತಕರಾರು, ಪರೀಕ್ಷೆಯ ಪರವಾಗಿರುವ ಗಟ್ಟಿ ವಾದ ಪುಸ್ತಕದಲ್ಲಿ ತೆಳುವಾಗಿದೆ. ಶಾಲೆಯ ಅಂಕವೇನೂ ಗಂಗಾಜಲವಲ್ಲ. ಕೆಲವು ಶಾಲೆಗಳು ಧಾರಾಳವಾಗಿ ಅಂಕ ಸುರಿಯುತ್ತವೆ. ಯಾರೂ ಹೆಸರು ಕೇಳದ ಶಾಲೆಯ ಹುಡುಗಿಯ ಒಳ್ಳೆಯ ಅಂಕವನ್ನು ದೊಡ್ಡ ಕಾಲೇಜು ನಂಬದಿರಬಹುದು. ಅವಳಿಗೆ ಸಾಮಾನ್ಯ ಪರೀಕ್ಷೆಯೇ ಸಾಕ್ಷಿಯಾಗಿ ನಿಲ್ಲಬಹುದು. ಪುಸ್ತಕ ಬಂದ ಮೇಲೆ ನಡೆದದ್ದು ಇದನ್ನೇ ಹೇಳುತ್ತದೆ. 2020ರಲ್ಲಿ ಕೋವಿಡ್ ಬಂದಾಗ ಅಲ್ಲಿಯ ಬಹುಪಾಲು ಕಾಲೇಜುಗಳು ಪರೀಕ್ಷೆಯನ್ನು ಐಚ್ಛಿಕ ಮಾಡಿದವು. 2022ರಲ್ಲಿ ಎಂಐಟಿ ಅದನ್ನು ಮತ್ತೆ ಕಡ್ಡಾಯ ಮಾಡಿತು, 2024ರಲ್ಲಿ ಡಾರ್ಟ್‌ಮತ್, ಹಾರ್ವರ್ಡ್ ಅದೇ ದಾರಿ ಹಿಡಿದವು. ಡಾರ್ಟ್‌ಮತ್ ಕೊಟ್ಟ ಕಾರಣ ಯೋಚಿಸುವಂಥದು. ಬಡ ಮನೆಯ ಎಷ್ಟೋ ಮಕ್ಕಳು ತಮ್ಮ ಅಂಕ ಸಾಲದೆಂದು ಹೆದರಿ ಮುಚ್ಚಿಟ್ಟಿದ್ದರು. ಅವರ ಶಾಲೆಯನ್ನು ನೋಡಿದರೆ ಅದು ಒಳ್ಳೆಯ ಅಂಕವೇ ಆಗಿತ್ತು, ಕಳಿಸಿದ್ದರೆ ಉಪಕಾರವಾಗುತ್ತಿತ್ತು.

ಇನ್ನೊಂದು ಕಡೆ, ಬೇಟ್ಸ್ ಕಾಲೇಜಿನಲ್ಲಿ ಪ್ರವೇಶದ ಹೊಣೆ ಹೊತ್ತಿದ್ದ ವಿಲಿಯಂ ಹಿಸ್ ಮತ್ತು ಅವರ ಸಹೋದ್ಯೋಗಿ 2014ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಪರೀಕ್ಷೆ ಐಚ್ಛಿಕವಾಗಿದ್ದ 33 ಕಾಲೇಜು, ಸುಮಾರು 1,23,000 ವಿದ್ಯಾರ್ಥಿಗಳು. ಅಂಕ ಕಳಿಸಿದವರಿಗೂ ಕಳಿಸದವರಿಗೂ ಪದವಿ ಮುಗಿಸುವುದರಲ್ಲಿ ಇದ್ದ ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ, 0.6 ಮಾತ್ರ. ಶಾಲೆಯಲ್ಲಿ ಚೆನ್ನಾಗಿ ಓದಿ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಕಾಲೇಜಿನಲ್ಲಿ ಚೆನ್ನಾಗಿಯೇ ಓದಿದರು. ಪರೀಕ್ಷೆಯಲ್ಲಿ ಮಿಂಚಿ ಶಾಲೆಯಲ್ಲಿ ಹಿಂದಿದ್ದವರು ಕಾಲೇಜಿನಲ್ಲೂ ಅಷ್ಟಕ್ಕಷ್ಟೇ. "ತಲೆ ಇದೆ, ಓದಲ್ಲ" ಎಂಬ ಹೊಗಳಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ನಮ್ಮ ಕಡೆಗೆ ತಿರುಗಿದರೆ ಚಿತ್ರ ಅಷ್ಟು ಸರಳವಲ್ಲ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಎಂಬ ಲೆಕ್ಕವಿದೆ. ನ್ಯೂಯಾರ್ಕಿನ ಹುಡುಗಿಯರು ನ್ಯಾಯಾಲಯಕ್ಕೆ ಹೋಗಿ ಕಾಪಾಡಿಕೊಂಡ ವಿವೇಕ ನಮ್ಮ ಮನೆಯಲ್ಲೇ ಇದೆ. 2021ರಲ್ಲಿ ಕೋವಿಡ್‌ನಿಂದ ಪಿಯುಸಿ ಪರೀಕ್ಷೆ ನಡೆಯದೆ ಸಿಇಟಿ ಒಂದರ ಮೇಲೆಯೇ ರ‍್ಯಾಂಕು ಕೊಟ್ಟಾಗಲೇ ಆ ಅರ್ಧದ ಬೆಲೆ ಎಷ್ಟೋ ಮನೆಗಳಿಗೆ ತಿಳಿದದ್ದು. ಜೆಇಇ ಮೇನ್ ರ‍್ಯಾಂಕಿನಲ್ಲಿ 2013ರಿಂದ 2016ರವರೆಗೆ ಹನ್ನೆರಡನೆಯ ತರಗತಿಯ ಅಂಕಕ್ಕೆ ನೂರಕ್ಕೆ 40 ತೂಕ ಇತ್ತು, 2017ರಿಂದ ಹೋಯಿತು. ಪರೀಕ್ಷೆಯೊಂದನ್ನೇ ನಂಬಿದ ಐಐಟಿಗಳಲ್ಲಿ ಹುಡುಗಿಯರು ನೂರಕ್ಕೆ ಹತ್ತೂ ಇಲ್ಲದಿದ್ದಾಗ 2018ರಿಂದ ಅವರಿಗಾಗಿ ಹೆಚ್ಚುವರಿ ಸೀಟು ಸೇರಿಸಬೇಕಾಯಿತು. ಹಾಗೆಂದು ಹುಡುಗಿಯರಿಗೆ ಪ್ರವೇಶ ಪರೀಕ್ಷೆಯೇ ಆಗದು ಎಂದು ಹೇಳಹೊರಟರೆ ನೀಟ್ ಅಡ್ಡ ಬರುತ್ತದೆ. 2023ರಲ್ಲಿ ಅದರಲ್ಲಿ ಅರ್ಹರಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರೇ. ಮನೆಯವರು ಡಾಕ್ಟರಿಕೆಗೆಂದರೆ ಮಗಳನ್ನು ಕೋಚಿಂಗಿಗೆ ಕಳಿಸುತ್ತಾರೆ, ಎಂಜಿನಿಯರಿಂಗಿಗೆಂದರೆ ಮಗನನ್ನು ಕಳಿಸುತ್ತಾರೆ. ಪರೀಕ್ಷೆಯ ಅಂಕದಲ್ಲಿ ಮನೆಯ ಈ ಲೆಕ್ಕಾಚಾರವೂ ಸೇರಿರುತ್ತದೆ ಎಂಬುದು ನನ್ನ ಅನುಭವದ ಮಾತು.

ಟಫ್ ಅವರ ಪುಸ್ತಕ ಹೆಚ್ಚಾಗಿ ಹೆಸರಾಂತ ಕಾಲೇಜುಗಳ ಬಾಗಿಲಲ್ಲೇ ಸುತ್ತುತ್ತದೆ ಎಂಬುದು ನನ್ನ ಕೊನೆಯ ತಕರಾರು. ಆದರೂ ಅದನ್ನು ಕನ್ನಡದಲ್ಲಿ ಯಾರಾದರೂ ತಂದರೆ ನಾನು ಮೊದಲು ಕೊಳ್ಳುವವಳು. ಉರು ಎಂದು ನಾವು ಹಳಿಯುವುದರೊಳಗೆ ಏನೇನಿದೆ ಎಂದು ಅದು ಎಣಿಸಿ ತೋರಿಸುತ್ತದೆ. ತಪ್ಪದೆ ತರಗತಿಗೆ ಹೋಗುವುದು, ಅರ್ಥವಾಗದ ಲೆಕ್ಕವನ್ನು ಮರುದಿನ ಮತ್ತೆ ಹಿಡಿಯುವುದು, ಮನೆಗೆಲಸದ ನಡುವೆ ಪುಸ್ತಕಕ್ಕೆ ಒಂದು ಗಂಟೆ ಕದಿಯುವುದು. ಕಾಲೇಜು ಕೇಳುವುದೂ ಇವುಗಳನ್ನೇ. ಸಿಇಟಿ ಫಲಿತಾಂಶದ ದಿನ ಮಗಳ ಮುಖ ಸಣ್ಣದಾದಾಗ ಅವಳ ಎರಡೂ ಅಂಕಪಟ್ಟಿಗಳನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳಿ. ರ‍್ಯಾಂಕು ಯಾವ ಕಾಲೇಜು ಕೊಡುತ್ತದೆ ಎಂಬ ಲೆಕ್ಕವನ್ನು ಧೈರ್ಯದಿಂದ ಮಾಡಿ, ಅದು ವ್ಯವಹಾರ. ಅವಳು ಯಾರು ಎಂಬ ಲೆಕ್ಕಕ್ಕೆ ಮಾತ್ರ ಇನ್ನೊಂದು ಪಟ್ಟಿಯನ್ನು ನೋಡಿ. ಒಂದು ಬೆಳಗ್ಗೆ ಏನಾಯಿತೆಂದು ಒಂದು ಪಟ್ಟಿ ಹೇಳುತ್ತದೆ, ಉಳಿದೆಲ್ಲ ಬೆಳಗ್ಗೆ ಅವಳು ಏನು ಮಾಡಿದಳೆಂದು ಇನ್ನೊಂದು ಹೇಳುತ್ತದೆ.