ಒಂದೇ ಸಾಲಿನ ಗ್ರೀನ್ ಕಾರ್ಡ್

ಈ ಕಥೆಯನ್ನು ನೀವು ಓದಿರಬಹುದು. ಓದದಿದ್ದರೂ ತೊಂದರೆಯಿಲ್ಲ, ಚುಟುಕಾಗಿ ಹೇಳಿಬಿಡುತ್ತೇನೆ. ಜುಂಪಾ ಲಾಹಿರಿಯವರ 'ದಿ ಥರ್ಡ್ ಅಂಡ್ ಫೈನಲ್ ಕಾಂಟಿನೆಂಟ್'. ಮೂರನೆಯ ಹಾಗೂ ಕೊನೆಯ ಖಂಡ ಎಂದರ್ಥ. 1999ರಲ್ಲಿ ಬಂದ 'ಇಂಟರ್‌ಪ್ರಿಟರ್ ಆಫ್ ಮ್ಯಾಲಡೀಸ್' ಸಂಕಲನದ ಕಡೆಯ ಕಥೆ ಇದು. ಮರುವರ್ಷ ಆ ಸಂಕಲನಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು.

ಬಂಗಾಳಿ ಯುವಕನೊಬ್ಬ 1964ರಲ್ಲಿ ಕಾಮರ್ಸ್ ಸರ್ಟಿಫಿಕೇಟು ಹಿಡಿದು, ಹತ್ತು ಡಾಲರಿನಷ್ಟು ಹಣ ಇಟ್ಟುಕೊಂಡು ಸರಕು ಹಡಗಿನಲ್ಲಿ ಲಂಡನ್ನಿಗೆ ಹೋಗುತ್ತಾನೆ. ಅಲ್ಲಿ ಓದು, ಜೊತೆಗೆ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೆಲಸ. ತನ್ನಂಥದೇ ಬಡ ಬಂಗಾಳಿ ಹುಡುಗರ ಜೊತೆ ಒಂದೇ ಮನೆಯಲ್ಲಿ ವಾಸ, ಮೊಟ್ಟೆ ಸಾರಿನ ಊಟ. 1969ರಲ್ಲಿ, ಮೂವತ್ತಾರರ ವಯಸ್ಸಿಗೆ, ಎರಡು ಸಂಗತಿ ಒಟ್ಟಿಗೆ ಕೂಡಿಬರುತ್ತವೆ. ಕಲ್ಕತ್ತಾದಲ್ಲಿ ಮನೆಯವರು ಮದುವೆ ನಿಶ್ಚಯಿಸುತ್ತಾರೆ. ಅಮೆರಿಕದ ಎಂಐಟಿಯ ಲೈಬ್ರರಿಯಲ್ಲಿ ಕೆಲಸ ಸಿಗುತ್ತದೆ. ಕಲ್ಕತ್ತಾಕ್ಕೆ ಬಂದು, ಬೇಲೆಘಾಟಾದ ಶಾಲಾ ಮೇಷ್ಟ್ರ ಮಗಳು ಮಾಲಾಳನ್ನು ಮದುವೆಯಾಗಿ, ಕೆಲವೇ ದಿನಗಳಲ್ಲಿ ಒಬ್ಬನೇ ಬಾಸ್ಟನ್ನಿಗೆ ಹಾರುತ್ತಾನೆ. ಅವನು ಇಳಿದದ್ದು ಮನುಷ್ಯ ಚಂದ್ರನ ಮೇಲೆ ಇಳಿದ ದಿನವೇ. ಆಮೇಲೆ ನೂರಾ ಮೂರು ವರ್ಷದ ಮಿಸೆಸ್ ಕ್ರಾಫ್ಟ್ ಎಂಬ ಅಜ್ಜಿಯ ಮನೆಯಲ್ಲಿ ಬಾಡಿಗೆ ಕೋಣೆ ಹಿಡಿಯುತ್ತಾನೆ. ಕೆಲವು ವಾರಗಳ ನಂತರ ಮಾಲಾ ಬರುತ್ತಾಳೆ. ಗುರುತು ಪರಿಚಯವಿಲ್ಲದ ಇಬ್ಬರು ಮೆಲ್ಲಮೆಲ್ಲಗೆ ಗಂಡಹೆಂಡತಿಯಾಗುತ್ತಾರೆ. ಕಥೆ ಇಷ್ಟೇ.

ಈ ಕಥೆಯನ್ನು ನಾನು ಮೊದಲು ಓದಿದಾಗ ಆ ಅಜ್ಜಿ ಮತ್ತು ಮಾಲಾ ಎದುರುಬದುರಾಗುವ ಘಳಿಗೆಗೆ ಮನಸೋತಿದ್ದೆ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನಿಗೂ ಓದು ಅಂತ ಹೇಳಿದೆ. ಅಲ್ಲೇ ಎಂಎಸ್ ಮುಗಿಸಿ, ಕೆಲಸ ಹಿಡಿದು, ಹನ್ನೊಂದು ವರ್ಷದಿಂದ ಇದ್ದಾನೆ. ಓದಿ ಫೋನ್ ಮಾಡಿದ. ಅಜ್ಜಿಯ ವಿಷಯ ಎತ್ತಲೇ ಇಲ್ಲ. "ಮಾಮ, ಇವನಿಗೆ ಗ್ರೀನ್ ಕಾರ್ಡ್ ಒಂದೇ ಸಾಲಿನಲ್ಲಿ ಸಿಕ್ಕಿಬಿಡ್ತಲ್ಲ!" ಅಂದ.

ಪುಸ್ತಕ ತೆಗೆದು ನೋಡಿದೆ. ಹೌದು. ಸಂಬಳ ಚೆನ್ನಾಗಿದೆ, ಹೆಸರಾಂತ ವಿಶ್ವವಿದ್ಯಾಲಯ ಎನ್ನುವ ಮಾತಿನ ಬಾಲಕ್ಕೇ ಆರನೇ ಆದ್ಯತೆಯ ಗ್ರೀನ್ ಕಾರ್ಡ್ ಪಡೆದೆ ಎಂಬ ಮಾತೂ ಸೇರಿಕೊಂಡಿದೆ. ಅರ್ಜಿ ಇಲ್ಲ, ವಕೀಲರಿಲ್ಲ, ಕಾಯುವಿಕೆ ಇಲ್ಲ. ಅಷ್ಟು ಸಲ ಓದಿದ ನಾನು ಆ ಸಾಲಿನ ಮೇಲೆ ನಿಂತೇ ಇರಲಿಲ್ಲ.

ಆ 'ಆರನೇ ಆದ್ಯತೆ' ಎಲ್ಲಿಂದ ಬಂತು? ಅಮೆರಿಕದ 1965ರ ವಲಸೆ ಕಾನೂನಿನಿಂದ. ಅದಕ್ಕೂ ಮುಂಚೆ, 1946ರ ಕಾನೂನಿನ ಪ್ರಕಾರ, ಭಾರತೀಯರಿಗಿದ್ದ ಕೋಟಾ ವರ್ಷಕ್ಕೆ ಬರೀ ನೂರು. ಹೊಸ ಕಾನೂನು ಪೂರ್ತಿಯಾಗಿ ಜಾರಿಗೆ ಬಂದದ್ದು 1968ರ ಜುಲೈಯಲ್ಲಿ. ನಮ್ಮ ನಾಯಕ ಬಾಸ್ಟನ್ನಿನಲ್ಲಿ ಇಳಿದದ್ದು 1969ರ ಜುಲೈಯಲ್ಲಿ. ಬಾಗಿಲು ತೆರೆದು ಆಗಷ್ಟೇ ಒಂದು ವರ್ಷ ತುಂಬಿತ್ತು ಅನ್ನಿ. 1964ರಲ್ಲೇ ಅಲ್ಲಿ ನೆಲೆಸಲು ಹೊರಟಿದ್ದರೆ ಆ ನೂರರೊಳಗೆ ಅವನ ಹೆಸರು ಬರಬೇಕಿತ್ತು. ಕಥೆಯ ಕೊನೆಯಲ್ಲಿ ಅವನು ತನ್ನ ಬದುಕನ್ನು ತೀರಾ ಸಾಧಾರಣ ಎಂದುಕೊಳ್ಳುತ್ತಾನೆ, ಆದರೂ ದಾಟಿದ ದೂರ ನೆನೆದು ಬೆರಗಾಗುತ್ತಾನೆ. ಆ ದೂರದಲ್ಲಿ ಅವನ ಶ್ರಮವೂ ಇತ್ತು, ಕಾನೂನಿನ ಆ ಒಂದು ತಾರೀಕೂ ಇತ್ತು. ಕಥೆ ಶ್ರಮವನ್ನು ಮಾತ್ರ ಹೇಳುತ್ತದೆ. ನನ್ನ ತಕರಾರು ಇದೇ.

ಇವತ್ತಿನ ಲೆಕ್ಕ ಕೇಳಿ. ಉದ್ಯೋಗದ ಆಧಾರದ ಮೇಲೆ ಅಮೆರಿಕ ಕೊಡುವ ಗ್ರೀನ್ ಕಾರ್ಡು ವರ್ಷಕ್ಕೆ ಸುಮಾರು 1,40,000. ಹೆಂಡತಿ ಮಕ್ಕಳೂ ಅದರಲ್ಲೇ. ಸಾಮಾನ್ಯವಾಗಿ ಒಂದು ದೇಶದವರಿಗೆ ಶೇಕಡಾ 7ಕ್ಕಿಂತ ಹೆಚ್ಚು ಸಿಗುವುದಿಲ್ಲ. ನೂರು ಕೋಟಿ ದಾಟಿದ ಭಾರತಕ್ಕೂ ಅಷ್ಟೇ, ಕೆಲವೇ ಲಕ್ಷ ಜನರ ದೇಶಕ್ಕೂ ಅಷ್ಟೇ. ಅರ್ಜಿ ಸರದಿಗೆ ಸೇರಿದ ದಿನಾಂಕವೇ ನಿಮ್ಮ ಟೋಕನ್ನು. ತಿಂಗಳಿಗೊಮ್ಮೆ ಸರ್ಕಾರ ವೀಸಾ ಬುಲೆಟಿನ್ ಹೊರಡಿಸುತ್ತದೆ. ಯಾವ ದಿನಾಂಕದವರೆಗೆ ಸರದಿ ಬಂದಿದೆ ಎಂದು ಅದರಲ್ಲಿ ನೋಡಬೇಕು. ಒಮ್ಮೊಮ್ಮೆ ಆ ದಿನಾಂಕ ಹಿಂದಕ್ಕೂ ಸರಿಯುತ್ತದೆ! ಮಗು ಅವಿವಾಹಿತವಾಗಿದ್ದರೂ, ಕಾನೂನಿನ ಲೆಕ್ಕದಲ್ಲಿ ಇಪ್ಪತ್ತೊಂದು ತುಂಬಿದರೆ ಅಪ್ಪನ ಅರ್ಜಿಯಿಂದ ಹೊರಗೆ. ಮನೆ ಕೊಂಡಾಗಿದೆ, ಮಕ್ಕಳು ಅಲ್ಲಿಯ ಶಾಲೆಯಲ್ಲಿ, ನೆರೆಹೊರೆ ಎಲ್ಲ ಪರಿಚಯ. ಕೆಲಸ ಹೋದರೆ ಮಾತ್ರ ಹೆಚ್ಚೆಂದರೆ ಅರವತ್ತು ದಿನದ ಗಡುವು.

ಅಂದರೆ ಲಾಹಿರಿಯವರ ಕಥೆ ಈಗ ತಿರುಗುಮುರುಗಾಗಿದೆ. ಅಲ್ಲಿ ಕಾಗದ ಒಂದು ಸಾಲಿನಲ್ಲಿ ಬಂತು, ಮನಸ್ಸು ನೆಲೆ ನಿಲ್ಲಲು ಇಡೀ ಕಥೆ ಬೇಕಾಯ್ತು. ನನ್ನ ಅಳಿಯನ ತಲೆಮಾರಿನಲ್ಲಿ ಮನಸ್ಸು ಎರಡೇ ವರ್ಷದಲ್ಲಿ ನೆಲೆ ನಿಂತಿದೆ, ಕಾಗದ ಬಂದಿಲ್ಲ.

ಮಾಲಾಳ ವಿಷಯಕ್ಕೂ ಬರೋಣ. ಅವಳ ಪಾಸ್‌ಪೋರ್ಟು, ಗ್ರೀನ್ ಕಾರ್ಡು ಸಿದ್ಧವಾದ ಮೇಲೆ ಅವಳು ವಿಮಾನ ಹತ್ತುತ್ತಾಳೆ. ಆ ನಡುವಿನ ವಾರಗಳನ್ನು ಗಂಡನ ಕಣ್ಣಿನಿಂದಷ್ಟೇ ನೋಡುತ್ತೇವೆ. ಕಲ್ಕತ್ತಾದಲ್ಲಿ ಅವಳು ಏನೇನು ಯೋಚಿಸಿದಳೋ, ಗೊತ್ತಾಗುವುದೇ ಇಲ್ಲ. ಆದರೂ ಅವಳ ಕೈಗೆ ಅವಳದೇ ಕಾರ್ಡು ಬಂತು. ಇವತ್ತಿನ ಎಷ್ಟೋ ಮಾಲಾರು ಗಂಡನ ವೀಸಾದ ನೆರಳಿನಲ್ಲೇ ಬದುಕುತ್ತಾರೆ. ಅವರಿಗೆ ಕೆಲಸ ಮಾಡುವ ಅನುಮತಿ ಸಿಗತೊಡಗಿದ್ದೇ 2015ರಲ್ಲಿ, ಅದೂ ಗಂಡನ ಅರ್ಜಿ ಒಂದು ಹಂತ ಮುಟ್ಟಿದ್ದರೆ ಮಾತ್ರ.

ಲಾಹಿರಿ ತಪ್ಪು ಮಾಡಿದರು ಅಂತ ನಾನು ಹೇಳುತ್ತಿಲ್ಲ. 1967ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು, ಅವರ ತಂದೆ ಲೈಬ್ರರಿಯನ್. ಕಾಗದಪತ್ರ ಎಲ್ಲ ಮುಗಿದ ಮೇಲಿನ ಮನೆಯಲ್ಲಿ ಕಣ್ಣು ಬಿಟ್ಟ ಮಗುವಿಗೆ ಕಾಣುವುದು ತಂದೆತಾಯಿಯ ಒಂಟಿತನವೇ ಹೊರತು ಅವರ ಫೈಲು ಅಲ್ಲ. ಆ ಒಂಟಿತನವನ್ನು ಅವರಷ್ಟು ಮೆಲುದನಿಯಲ್ಲಿ ಬರೆದವರು ಕಡಿಮೆ. ಸಮಸ್ಯೆ ಇರುವುದು ನಮ್ಮ ಓದಿನಲ್ಲಿ. ಕಷ್ಟಪಟ್ಟು ಓದಿದರೆ, ನಿಯತ್ತಾಗಿ ದುಡಿದರೆ ಪರದೇಶ ನಿಮ್ಮದಾಗುತ್ತದೆ ಎಂಬ ನೀತಿಯನ್ನು ಇಂಥ ಕಥೆಗಳಿಂದ ನಾವೇ ಹೆಕ್ಕಿಕೊಂಡೆವು, ಮಕ್ಕಳಿಗೂ ಹೇಳಿದೆವು.

ಕರಾವಳಿಯವರಾದ ನಮಗಂತೂ ಇದು ಮೊದಲೇ ಗೊತ್ತಿರಬೇಕಿತ್ತು. ಅಳಿಯನ ತಂದೆ, ನಮ್ಮ ಭಾವ, ದಮ್ಮಾಮಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದರು. ಇಖಾಮ ನವೀಕರಣ, ಕಫೀಲನ ಸಹಿ, ಎರಡು ವರ್ಷಕ್ಕೊಮ್ಮೆ ರಜೆ, ಕೊನೆಗೆ ಪಾಸ್‌ಪೋರ್ಟಿಗೆ ಎಕ್ಸಿಟ್. ಅವರಂಥ ಕೆಲಸಗಾರರಿಗೆ ಅಲ್ಲಿ ಕಾಯಂ ಆಗುವ ಅರ್ಜಿಯೇ ಇರಲಿಲ್ಲ, ಆದ್ದರಿಂದ ಆಸೆಯೂ ಇರಲಿಲ್ಲ. "ನಮಗೆ ಗೇಟು ಮುಚ್ಚಿದೆ ಅಂತ ಗೊತ್ತಿತ್ತು. ಇವನಿಗೆ ತೆರೆದಿದೆ ಅಂತ ಹೇಳಿ ಹೊರಗೆ ನಿಲ್ಲಿಸಿದ್ದಾರೆ" ಅನ್ನುತ್ತಾರೆ ಭಾವ.

ಆ ಬಂಗಾಳಿ ದಂಪತಿ ಕಡೆಗೆ ಅಮೆರಿಕದ ಪ್ರಜೆಗಳಾಗುತ್ತಾರೆ, ಅಲ್ಲೇ ಮುದುಕರಾಗುವುದೆಂದು ತೀರ್ಮಾನಿಸುತ್ತಾರೆ. ಹಾಗೆ ತೀರ್ಮಾನಿಸುವ ಹಕ್ಕು ಇದ್ದವನು ಮಾತ್ರ ಒಂದು ಖಂಡವನ್ನು 'ಕೊನೆಯದು' ಎನ್ನಬಲ್ಲ. ಕಥೆಯನ್ನು ಇನ್ನೊಮ್ಮೆ ಓದಿ, ಆ ಒಂದು ಸಾಲಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಭಾವನ ಇಖಾಮ, ಅಳಿಯನ ಟೋಕನ್ನು ಎರಡೂ ಆ ಸಾಲಿನಲ್ಲಿ ಇಲ್ಲ. ಅವನ್ನು ಬರೆಯಬೇಕಾದವರು ನಾವೇ, ಬೇರೆ ಯಾರು ಬರೆದಾರು?