ಗಾಳಿ ಹೊತ್ತು ಬರುವ ಟ್ರೈಲರ್

ಪಣಂಬೂರಿನ ಬಂದರಿನಿಂದ ಶಿವಮೊಗ್ಗಕ್ಕೆ ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರ್. ಬೆಳಗಿನ ತಿಂಡಿ ಮುಗಿಸಿ ಕಾರು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಆದರೆ ನಾಲ್ಕೂವರೆ ಮೀಟರ್ ಅಡ್ಡಳತೆಯ ಕಬ್ಬಿಣದ ನೀರಿನ ಟ್ಯಾಂಕೊಂದು ಬಂದರಿನಲ್ಲಿ ಇಳಿದು ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶಕ್ಕೋ ಭದ್ರಾವತಿಗೋ ಬರಬೇಕೆಂದರೆ ಈ ಲೆಕ್ಕ ನಡೆಯುವುದಿಲ್ಲ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲ. ಬಾಳೆಬರೆಯ ತಿರುವುಗಳು ಉದ್ದನೆಯ ಟ್ರೈಲರಿಗೆ ಒಗ್ಗುವಂಥವಲ್ಲ. ಕುದುರೆಮುಖದ ದಾರಿ ರಾಷ್ಟ್ರೀಯ ಉದ್ಯಾನದೊಳಗೆ ಹಾಯುತ್ತದೆ. ಚಾರ್ಮಾಡಿಯಲ್ಲಿ 2019ರ ಭೂಕುಸಿತದ ಮೇಲೆ ದೊಡ್ಡ ಗಾಡಿಗಳ ಮಾತೇ ಇಲ್ಲ. ಉಳಿಯುವುದು ಶಿರಾಡಿ. ಅಲ್ಲಿಂದ ಸಕಲೇಶಪುರ, ಹಾಸನ, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ ಬಳಸಿ ಭದ್ರಾವತಿ. ಹೀಗೆ ಬಂದರೆ ಮುನ್ನೂರು ಕಿಲೋಮೀಟರ್ ದಾಟುತ್ತದೆ. ಆ ಶಿರಾಡಿಯಾದರೂ ನಂಬಿಕೆಯದ್ದೇ? ಕಾಂಕ್ರೀಟ್ ಹಾಕಲೆಂದು 2015ರಲ್ಲಿ ತಿಂಗಳುಗಟ್ಟಲೆ ಮುಚ್ಚಿತು, 2018ರಲ್ಲಿ ಮತ್ತೆ ಮುಚ್ಚಿತು. ಅದೇ ವರ್ಷದ ಆಗಸ್ಟ್ ಮಳೆಗೆ ಗುಡ್ಡ ಜಾರಿತು, 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಬಳಿ ಮತ್ತೆ ಜಾರಿತು.

ಇಂಥ ದಾರಿಯಲ್ಲಿ ಇಡೀ ಟ್ಯಾಂಕನ್ನು ಹೊತ್ತು ತರುವ ಪದ್ಧತಿ ಸರಿಯೇ ಎಂಬುದು ಈ ಬರಹದ ಪ್ರಶ್ನೆ. ಸಾಗಣೆಯವರ ಭಾಷೆಯಲ್ಲಿ ಇಂಥ ಸರಕಿಗೆ ಓ.ಡಿ.ಸಿ. ಎಂದು ಹೆಸರು. ಅಳತೆ ಮೀರಿದ ಸರಕು ಎಂದು ಅರ್ಥ. ಅವರ ಕೌಶಲದ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಇರುವುದು ಆ ಕೆಲಸವನ್ನು ಅವರಿಗೆ ಒಪ್ಪಿಸುವವರ ಮೇಲೆ.

ಹೋದ ಬೇಸಿಗೆಯ ಒಂದು ರಾತ್ರಿ ಮಾಚೇನಹಳ್ಳಿಯ ಹತ್ತಿರ ಇಂಥದೊಂದು ಗಾಡಿಯ ಹಿಂದೆ ಸಿಕ್ಕಿಕೊಂಡೆ. ಎಲ್ಲಕ್ಕಿಂತ ಮುಂದೆ ದೀಪ ತಿರುಗಿಸುತ್ತ ಪೈಲಟ್ ಜೀಪು, ಅದರ ಹಿಂದೆ ಪುಲ್ಲರ್, ಪುಲ್ಲರಿನ ಬಾಲಕ್ಕೆ ನೆಲಕ್ಕೆ ಅಂಟಿಕೊಂಡಂತಿದ್ದ ಲೋಬೆಡ್ ಟ್ರೈಲರ್, ಅದರ ಮೇಲೆ ಸರಪಳಿ ಬಿಗಿದ ಟ್ಯಾಂಕು. ಟ್ಯಾಂಕಿನ ಬೆನ್ನ ಮೇಲೆ ಇಬ್ಬರು ಹುಡುಗರು. ಒಬ್ಬನ ಕೈಯಲ್ಲಿ ತುದಿಗೆ ಅಡ್ಡಪಟ್ಟಿ ಕಟ್ಟಿದ ಒಣ ಬಿದಿರಿನ ಗಳ. ತಂತಿ ಎದುರಾದಾಗಲೆಲ್ಲ ಗಳದಿಂದ ಅದನ್ನು ಮೇಲಕ್ಕೆ ಒತ್ತಿ ಹಿಡಿಯುತ್ತಿದ್ದ. ಇನ್ನೊಬ್ಬ ಅಂಗೈಯಿಂದ ಟ್ಯಾಂಕನ್ನು ಬಡಿದು ‘ಬರ್ಲಿ, ಬರ್ಲಿ’ ಎಂದು ಕೂಗುತ್ತಿದ್ದ. ಬಡಿದಾಗಲೆಲ್ಲ ಒಳಗಿನಿಂದ ಖಾಲಿ ಕೊಡದ ಸದ್ದು. ಗಳ ಹಿಡಿದವನ ಕಾಲಲ್ಲಿ ಏನೂ ಇರಲಿಲ್ಲ. ದುಂಡು ಬೆನ್ನಿನ ಮೇಲೆ ಜಾರುತ್ತದೆಂದು ಹವಾಯಿ ಚಪ್ಪಲಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ನನ್ನ ಹಿಂದೆ ಡೇರಿಗೆ ಹೊರಟ ಹಾಲಿನ ಟ್ಯಾಂಕರ್, ಅದರ ಹಿಂದೆ ಬೆಂಗಳೂರಿನ ರಾತ್ರಿ ಬಸ್ಸುಗಳು. ಹೆದ್ದಾರಿಯಿಂದ ಒಳರಸ್ತೆಗೆ ತಿರುಗುವ ಆ ಒಂದು ತಿರುವಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಗಾಡಿ ನಿಂತ ಮೇಲೆ ಆ ಹುಡುಗ ಇಳಿದು ಬಂದ. ‘ತಮ್ಮಾ, ಲೈನ್ ಆಫ್ ಆಗಿದೆಯೋ ಇಲ್ಲವೋ ನಿನಗೆ ಹೇಗೆ ಗೊತ್ತಾಗ್ತದೆ?’ ಎಂದು ಕೇಳಿದೆ. ‘ಮೇಸ್ತ್ರಿ ಫೋನಲ್ಲಿ ಕೇಳ್ತಾರೆ ಸಾರ್. ಅವರು ಆಫ್ ಅಂದ್ರೆ ಆಫ್’ ಎಂದ. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಫೋನಿನಲ್ಲಿ ಒಂದು ಮಾತು ತಪ್ಪಿ ಕೇಳಿಸಿದರೆ ಹೋಗುವುದು ಅವನ ಜೀವ. ಅಷ್ಟು ಮಾಡಿ ಅವನು ಕಾಯುತ್ತಿದ್ದುದು ಒಂದು ಖಾಲಿ ಡಬ್ಬಿಯನ್ನು.

ಮನೆಗೆ ಬಂದು ಲೆಕ್ಕ ಹಾಕಿದೆ. ನಾಲ್ಕೂವರೆ ಮೀಟರ್ ಅಡ್ಡಳತೆ, ಹನ್ನೆರಡು ಮೀಟರ್ ಉದ್ದ, ಹತ್ತು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಎಂದಿಟ್ಟುಕೊಳ್ಳಿ. ಇದರಲ್ಲಿ ಹಿಡಿಯುವ ನೀರು 1.9 ಲಕ್ಷ ಲೀಟರ್. ಆದರೆ ಟ್ಯಾಂಕಿನ ಸ್ವಂತ ತೂಕ ಬರೀ 16 ಟನ್ ಆಸುಪಾಸು. ಹತ್ತು ಚಕ್ರದ ಸಾಮಾನ್ಯ ಲಾರಿ ಹೊರುವಷ್ಟು. ಅಂದರೆ ತೂಕದಿಂದ ಯಾರಿಗೂ ತೊಂದರೆಯಿಲ್ಲ, ಸೇತುವೆಗೂ ಇಲ್ಲ, ಘಾಟಿಗೂ ಇಲ್ಲ. ತೊಂದರೆ ಇರುವುದು ಅದರ ಹೊಟ್ಟೆಯಿಂದ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಲಾರಿಯ ಅಗಲ 2.6 ಮೀಟರ್ ಮೀರಬಾರದು, ಎತ್ತರ 2020ರ ತಿದ್ದುಪಡಿಯ ನಂತರವೂ 4 ಮೀಟರ್ ಮೀರಬಾರದು. ನಮ್ಮ ಟ್ಯಾಂಕು ಅಗಲದಲ್ಲೇ ನಾಲ್ಕೂವರೆ. ಟ್ರೈಲರಿನ ಹಾಸು ಸೇರಿದರೆ ಎತ್ತರ ಐದೂವರೆ ಮೀಟರಿಗೆ ಹತ್ತಿರ. ಪಟ್ಟಣದ ಮೇಲ್ಸೇತುವೆಗಳ ಕೆಳಗೆ ಬಿಡಬೇಕಾದ ಕನಿಷ್ಠ ತೆರಪೇ ಐದೂವರೆ ಮೀಟರ್. ಶಿವಮೊಗ್ಗದ ಹೊಳೆ ಬಸ್ ಸ್ಟಾಪಿನಿಂದ ಅಮೀರ್ ಅಹಮದ್ ವೃತ್ತದವರೆಗಿನ ಬಿ.ಎಚ್. ರಸ್ತೆಯಲ್ಲಿ ಹಬ್ಬದ ಹಿಂದಿನ ದಿನ ಸ್ಕೂಟರ್ ತಳ್ಳಿಕೊಂಡು ನಡೆದವರಿಗೆ ಈ ಅಳತೆ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ.

ಈಗ ಅದೇ ಟ್ಯಾಂಕನ್ನು ಬಿಚ್ಚಿ ನೋಡಿ. 6.3 ಮೀಟರ್ ಉದ್ದ, 1.5 ಮೀಟರ್ ಅಗಲದ ಮಾರುಕಟ್ಟೆಯ ತಗಡಿನ ಲೆಕ್ಕದಲ್ಲಿ ಇದಕ್ಕೆ ಬೇಕಾಗುವುದು ಇಪ್ಪತ್ತೆರಡು ತಗಡು. ಕತ್ತರಿಸುವಾಗ ಹೋಗುವ ಚೂರುಪಾರಿಗೆಂದು ಇನ್ನೊಂದೆರಡು ಇರಲಿ. ಒಂದರ ಮೇಲೊಂದು ಪೇರಿಸಿದರೆ ಎತ್ತರ ಒಂದು ಗೇಣು. ಆ ಒಂದು ಗೇಣಿನ ಸರಕಿಗೆ ಪೈಲಟ್ ಜೀಪು ಬೇಡ, ಗಳ ಹಿಡಿದ ಹುಡುಗ ಬೇಡ, ಊರಿಗೆ ಕರೆಂಟ್ ತೆಗೆಯುವುದು ಬೇಡ, ದಾರಿಬದಿಯ ಮರದ ಕೊಂಬೆ ಕಡಿಯುವುದು ಬೇಡ. ರಸ್ತೆಯೇ ಬೇಡವೆಂದರೂ ಆದೀತು. ಮಂಗಳೂರಿನಿಂದ ಸಕಲೇಶಪುರ, ಹಾಸನ, ಅರಸೀಕೆರೆ, ಬೀರೂರಿನ ಮೇಲೆ ಭದ್ರಾವತಿಗೆ ಹಳಿ ಇದೆ. ಘಾಟಿಯ ಸುರಂಗಗಳಲ್ಲಿ ನಾಲ್ಕೂವರೆ ಮೀಟರಿನ ಟ್ಯಾಂಕು ನುಗ್ಗುವುದಿಲ್ಲ, ತಗಡಿನ ಪೇರಿ ಸಲೀಸಾಗಿ ನುಗ್ಗುತ್ತದೆ.

ಅಳತೆ ಮೀರಿದ ಸರಕಿಗೆ ಕೊಡುವ ವಿನಾಯಿತಿಗೆ ಇಂಗ್ಲೆಂಡಿನಲ್ಲಾಗಲಿ ಅಮೆರಿಕದಲ್ಲಾಗಲಿ ಇರುವ ತಳಹದಿ ಒಂದೇ. ಆ ಸರಕು ಭಾಗ ಮಾಡಲು ಬಾರದ್ದಾಗಿರಬೇಕು. ನೀರಿನ ಟ್ಯಾಂಕು ಹುಟ್ಟಿನಿಂದ ಅಂಥದ್ದಲ್ಲ. ದೂರದ ಯಾವುದೋ ಯಾರ್ಡಿನಲ್ಲಿ ಅದನ್ನು ಬೆಸೆದು ಮುಗಿಸಿದ್ದರಿಂದ ಅದು ಭಾಗ ಮಾಡಲು ಬಾರದ್ದಾಯಿತು. ಅನುಮತಿ ಕೇಳಿ ಬರುವ ಹೊತ್ತಿಗೆ ಟ್ಯಾಂಕು ಬಂದರಿನ ಅಂಗಳದಲ್ಲಿ ಕೂತಿರುತ್ತದೆ. ಆಗ ಅಧಿಕಾರಿಯ ಮುಂದೆ ಇರುವುದು ಯಾವ ದಾರಿ, ಎಷ್ಟು ಹೊತ್ತಿಗೆ ಎಂಬ ಪ್ರಶ್ನೆ ಮಾತ್ರ. ಇದು ಹೀಗೇ ಬರಬೇಕಿತ್ತೇ ಎಂದು ಕೇಳುವ ಹೊತ್ತು ಮೀರಿರುತ್ತದೆ.

ಹೀಗೇ ಬರಲೇಬೇಕಾದ ಸರಕುಗಳೂ ಇವೆ. ನಾಸಿಕ್‌ನಿಂದ ತಿರುವನಂತಪುರದ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರಕ್ಕೆ ಹೊರಟ ಆಟೋಕ್ಲೇವ್ ನೆನಪಿರಬಹುದು. 2019ರ ಜುಲೈನಲ್ಲಿ ಹೊರಟದ್ದು 2020ರ ಜುಲೈನಲ್ಲಿ ಮುಟ್ಟಿತು. ಸುಮಾರು 1,700 ಕಿಲೋಮೀಟರಿಗೆ ಒಂದು ವರ್ಷ. ನಡುವೆ ಲಾಕ್‌ಡೌನ್ ಬಂದು ಗಾಡಿ ದಾರಿಯಲ್ಲೇ ನಿಂತಿತು. ಏಳೂವರೆ ಮೀಟರ್ ಎತ್ತರ, ಸುಮಾರು 70 ಟನ್ ತೂಕ. ಆದರೆ ಅದು ಒಳಗಿನ ಒತ್ತಡ, ಶಾಖ ಎರಡನ್ನೂ ತಡೆಯಬೇಕಾದ ಪಾತ್ರೆ. ತುಂಡು ಮಾಡಿ ತಂದು ಬಯಲಿನಲ್ಲಿ ಬೆಸೆಯುವಂಥದ್ದಲ್ಲ. ವಿದ್ಯುತ್ ಕೇಂದ್ರದ ದೊಡ್ಡ ಟ್ರಾನ್ಸ್‌ಫಾರ್ಮರ್ ಕೂಡ ಹಾಗೆಯೇ. ಅಂಥವಕ್ಕೆ ಊರು ದಾರಿ ಬಿಡಬೇಕು, ಬಿಡುತ್ತದೆ.

ಇನ್ನೊಂದು ಉದಾಹರಣೆ ನಮ್ಮ ಕಣ್ಣೆದುರಿನದೇ. ಬೆಂಗಳೂರಿನ ಈಜಿಪುರದ ಕೋದಂಡರಾಮಸ್ವಾಮಿ ದೇವಸ್ಥಾನಕ್ಕೆಂದು ತಿರುವಣ್ಣಾಮಲೈ ಜಿಲ್ಲೆಯಿಂದ ಏಕಶಿಲೆಯನ್ನು ಹೊತ್ತು 2018ರ ಡಿಸೆಂಬರಿನಲ್ಲಿ ಹೊರಟ 240 ಚಕ್ರಗಳ ವಾಹನ ಊರೂರಿನಲ್ಲಿ ಸಿಕ್ಕಿಬಿದ್ದು, ತೆನ್ಪೆಣ್ಣೆ ಹೊಳೆಯ ಸೇತುವೆ ಭಾರ ತಡೆಯದೆಂದು ಪಕ್ಕದಲ್ಲೇ ಮಣ್ಣಿನ ದಾರಿ ಮಾಡಿಸಿಕೊಂಡು, ಅರ್ಧ ವರ್ಷ ಕಳೆದು ಬಂತು. ಏಕಶಿಲೆಯೇ ಬೇಕೆಂಬುದು ಭಕ್ತರ ಸಂಕಲ್ಪ. ಎರಡು ಮಾಡಿದರೆ ಅದು ಏಕಶಿಲೆಯಲ್ಲ. ನೀರು ತುಂಬುವ ಟ್ಯಾಂಕಿಗೆ ಅಂಥ ಯಾವ ಸಂಕಲ್ಪವೂ ಇಲ್ಲ.

ಟ್ಯಾಂಕನ್ನು ಇಡಿಯಾಗಿ ತರಿಸುವವರ ವಾದವನ್ನು ನಾನು ಹಗುರವಾಗಿ ನೋಡುವುದಿಲ್ಲ. ಕಾರ್ಖಾನೆಯ ಸೂರಿನಡಿ ಆದ ಬೆಸುಗೆಯ ನಂಬಿಕೆಯೇ ಬೇರೆ. ಅಲ್ಲಿ ತಗಡನ್ನು ಉರುಳೆಗೆ ಹಾಕಿ ಬಾಗಿಸಿ ಯಂತ್ರದಲ್ಲಿ ಬೆಸೆಯುತ್ತಾರೆ, ಎಕ್ಸ್‌ರೇ ತೆಗೆದು ನೋಡುತ್ತಾರೆ, ನೀರು ತುಂಬಿ ಸೋರಿಕೆ ಪರೀಕ್ಷಿಸುತ್ತಾರೆ, ಒಳಗೆ ರಬ್ಬರಿನ ಅಸ್ತರಿ ಬೇಕಾದರೆ ಅಲ್ಲೇ ಹಾಕುತ್ತಾರೆ. ಮಲೆನಾಡಿನ ಸೆರಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲು ಬೆಸುಗೆ ಕಷ್ಟ. ಬೆಸುಗೆಯ ಕಡ್ಡಿ ತೇವ ಹೀರಿದರೆ ಒಳಗೊಳಗೇ ಬಿರುಕು ಬೀಳುತ್ತದೆ, ಅದಕ್ಕೇ ಕಡ್ಡಿಯನ್ನು ಒಲೆಯಲ್ಲಿ ಕಾಯಿಸಿ ಇಟ್ಟುಕೊಳ್ಳುತ್ತಾರೆ. ಜಾಗದಲ್ಲೇ ಕಟ್ಟಲು ವಾರಗಟ್ಟಲೆ ಬೇಕು, ಸಿದ್ಧ ಟ್ಯಾಂಕನ್ನು ಕ್ರೇನಿನಲ್ಲಿ ಒಂದೇ ದಿನ ಇಳಿಸಿ ಕೂರಿಸಬಹುದು. ಎಲ್ಲವೂ ನಿಜ. ಆದರೆ ಇವೆಲ್ಲ ಕೊಳ್ಳುವವನಿಗೆ ಆಗುವ ಅನುಕೂಲಗಳು. ಮುಕ್ಕಾಲು ಗಂಟೆ ನಿಂತ ಬಸ್ಸಿನವರ, ಕರೆಂಟಿಲ್ಲದೆ ರಾತ್ರಿ ಕಳೆದ ಬೀದಿಯವರ, ಬರಿಗಾಲಿನ ಹುಡುಗನ ತೊಂದರೆ ಯಾವ ಬಿಲ್ಲಿನಲ್ಲೂ ಸೇರುವುದಿಲ್ಲ. ಸೇರಿಸಿ ಕೂಡಿದರೆ ಅಗ್ಗ ಅಗ್ಗವಾಗಿ ಉಳಿಯುವುದಿಲ್ಲ.

ಮೇಲಾಗಿ, ಬೆಸುಗೆಯ ತೊಂದರೆಗೆ ನೂರು ವರ್ಷದ ಹಿಂದೆಯೇ ಉತ್ತರ ಇತ್ತು. ಹಳೆಯ ರೈಲು ನಿಲ್ದಾಣಗಳ ಪಕ್ಕದಲ್ಲಿ ಕಂಬಗಳ ಮೇಲೆ ನಿಂತ ಚೌಕಾಕಾರದ ಕಬ್ಬಿಣದ ಟ್ಯಾಂಕುಗಳನ್ನು ಎಲ್ಲರೂ ನೋಡಿದ್ದೇವೆ. ನಾಲ್ಕಡಿ ಚೌಕದ ಉಬ್ಬು ತಗಡುಗಳನ್ನು ಅಂಚಿಗೆ ಅಂಚು ಸೇರಿಸಿ ಬೋಲ್ಟ್ ಬಿಗಿದರೆ ಟ್ಯಾಂಕು. ಉಗಿಬಂಡಿಗಳಿಗೆ ನೀರು ಕುಡಿಸಿದ್ದು ಅವೇ. ಇಬ್ಬರು ಎತ್ತಿ ಕೊಡುವಂಥ ತಗಡು, ಬೆಸುಗೆಯ ಮಾತೇ ಇಲ್ಲ, ಒಂದು ತುಕ್ಕು ಹಿಡಿದರೆ ಅದೊಂದನ್ನೇ ಬಿಚ್ಚಿ ಬದಲಿಸಬಹುದು. ಅದೇ ತತ್ವದ ಮೇಲೆ ಈಗ ಗಾಜಿನ ಲೇಪವಿರುವ ಬೋಲ್ಟ್ ಜೋಡಣೆಯ ದುಂಡು ಟ್ಯಾಂಕುಗಳೂ ಬಂದಿವೆ. ಕಂಟೇನರಿನಲ್ಲಿ ಮಡಚಿಟ್ಟ ಸೀರೆಯಂತೆ ಬಂದಿಳಿಯುತ್ತವೆ.

ನನಗೆ ನಿಜವಾಗಿ ಸಂಕಟವಾಗುವುದು ಈ ಟ್ಯಾಂಕುಗಳು ಬಂದು ನಿಲ್ಲುವ ಜಾಗ ಯಾವುದೆಂದು ನೆನೆದಾಗ. ಬೆಂಕಿಪುರವೆಂಬ ಹೆಸರಿದ್ದ ಭದ್ರಾವತಿಯಲ್ಲಿ 1923ರ ಜನವರಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಬೆಂಕಿ ಬಿತ್ತು. ವಿಶ್ವೇಶ್ವರಯ್ಯನವರು ಬೆನ್ನು ಹತ್ತಿ ಮಾಡಿಸಿದ ಕೆಲಸ ಅದು. ಬೀರೂರು–ಶಿವಮೊಗ್ಗ ರೈಲು ಅದಕ್ಕೂ ಎರಡು ದಶಕ ಮೊದಲೇ, 1899ರಲ್ಲಿ ಬಂದಿತ್ತು. ಕೆಮ್ಮಣ್ಣುಗುಂಡಿಯ ಅದಿರು ಬೆಟ್ಟ ಇಳಿದದ್ದು ಹಗ್ಗದ ದಾರಿಯಲ್ಲಿ. ಇಲ್ಲಿ ಎರಕ ಹೊಯ್ದ ಕೊಳವೆಗಳಲ್ಲಿ ಊರುಗಳಿಗೆ ಕುಡಿಯುವ ನೀರು ಹರಿದಿದೆ. ದಾರಿಗೆ ತಕ್ಕಂತೆ ಸರಕನ್ನು ಹದ ಮಾಡಿಕೊಳ್ಳುವುದು ನಮ್ಮ ಘಟ್ಟಕ್ಕೆ ಹೊಸದೂ ಅಲ್ಲ. ಕುದುರೆಮುಖದ ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಸಿದರು. ಆ ಗಣಿಗಾರಿಕೆಯ ಬಗ್ಗೆ ನನಗೆ ಬೇರೆ ತಕರಾರುಗಳಿವೆ, ಆದರೆ ಸಾಗಣೆಯ ಆ ವಿಚಾರ ಒಪ್ಪತಕ್ಕದ್ದು.

ಭದ್ರಾವತಿಯ ಮೈಸೂರು ಪೇಪರ್ ಮಿಲ್ ನಿಂತು ವರ್ಷಗಳಾದವು. ಮೈಸೂರು ಕಬ್ಬಿಣದ ಕಾರ್ಖಾನೆಯ ಇಂದಿನ ರೂಪವಾದ ವಿಐಎಸ್ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು, ಅಂದರೆ ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷಕ್ಕೆ. ಕಾರ್ಮಿಕರು ಬೀದಿಗಿಳಿದು ಹೋರಾಡಬೇಕಾಯಿತು. ನ್ಯೂಟೌನ್, ಪೇಪರ್ ಟೌನಿನ ಮನೆಗಳಲ್ಲಿ ತಗಡು ಅಳೆಯಲು, ಕತ್ತರಿಸಲು, ಬೆಸೆಯಲು ಬಲ್ಲ ಕೈಗಳಿವೆ. ಅವರ ಊರಿನ ಮುಂದೆಯೇ ಎಲ್ಲೋ ಬೆಸೆದ ಟ್ಯಾಂಕು ಗಳದ ನೆರಳಲ್ಲಿ ಹಾದುಹೋಗುತ್ತದೆ.

ನನ್ನ ತೀರ್ಪು ಇಷ್ಟು. ಒತ್ತಡದ ಪಾತ್ರೆ, ಟ್ರಾನ್ಸ್‌ಫಾರ್ಮರ್ ಇಂಥವು ಇಡಿಯಾಗಿ ಬರಲಿ. ಬರುವಾಗ ತಂತಿಯ ಕೆಲಸಕ್ಕೆ ವಿದ್ಯುತ್ ಕಂಪನಿಯ ಲೈನ್‌ಮನ್ ಗಾಡಿಯ ಜೊತೆಗೇ ಇರಲಿ, ಲೈನ್ ಆಫ್ ಆದದ್ದು ಫೋನಿನ ಬದಲು ಕಾಗದದ ಮೇಲೆ ತಿಳಿಯಲಿ, ಹಿಂದಿನ ದಿನವೇ ದಾರಿಯ ಊರುಗಳಿಗೆ ಸುದ್ದಿ ಮುಟ್ಟಲಿ. ಸಾದಾ ನೀರಿನ ಟ್ಯಾಂಕನ್ನು ಮಾತ್ರ ಘಾಟಿ ಹತ್ತಿಸಿ ತರುವುದು ತಪ್ಪು. ಶಿವಮೊಗ್ಗ, ಭದ್ರಾವತಿಗಳಲ್ಲಿ ಕಾರ್ಖಾನೆ ನಡೆಸುವವರಲ್ಲಿ, ಕುಡಿಯುವ ನೀರಿನ ಯೋಜನೆಗಳ ಎಂಜಿನಿಯರುಗಳಲ್ಲಿ ನನ್ನ ಕೋರಿಕೆ ಒಂದಿದೆ. ಮುಂದಿನ ಟೆಂಡರಿನಲ್ಲಿ ಒಂದೇ ಒಂದು ಸಾಲು ಸೇರಿಸಿ: ಟ್ಯಾಂಕು ತಗಡಾಗಿ ಬರಬೇಕು, ಜಾಗದಲ್ಲೇ ಕಟ್ಟಬೇಕು, ಕೆಲಸ ಅಕ್ಟೋಬರ್ ಮತ್ತು ಮೇ ನಡುವೆ ಮುಗಿಯಬೇಕು.