ದೂರದ ಅಭಿಮಾನಿ

ಕಾಲ್ಚೆಂಡಾಟದ ಪುಸ್ತಕವೊಂದನ್ನು ಸಾಹಿತ್ಯ ಪತ್ರಿಕೆಯಲ್ಲಿ ವಿಮರ್ಶಿಸುವುದು ಉಚಿತವೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಆದರೆ ನಿಕ್ ಹಾರ್ನ್‌ಬಿಯವರು ೧೯೯೨ರಲ್ಲಿ ಪ್ರಕಟಿಸಿದ ‘ಫೀವರ್ ಪಿಚ್’ ಎಂಬ ಆಂಗ್ಲ ಗ್ರಂಥವನ್ನು ಆಟದ ಪುಸ್ತಕವೆನ್ನುವುದಕ್ಕಿಂತ ಆತ್ಮಕಥೆಯೆನ್ನುವುದೇ ಸರಿ. ಪ್ರತಿಯೊಂದು ಪ್ರಕರಣದ ನೆತ್ತಿಯ ಮೇಲೂ ಒಂದು ಪಂದ್ಯದ ಹೆಸರೂ ತಾರೀಖೂ ಇದ್ದರೂ, ಕೆಳಗೆ ಬರುವುದು ತಂದೆತಾಯಿಗಳು ಬೇರೆಯಾದ ಮನೆಯ ಹುಡುಗನೊಬ್ಬನ ಬಾಳು. ೧೯೬೮ರ ಸೆಪ್ಟೆಂಬರಿನಲ್ಲಿ ತಂದೆಯು ಹನ್ನೊಂದು ವರ್ಷದ ಮಗನನ್ನು ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಆಟಕ್ಕೆ ಕರೆದೊಯ್ದನು. ಮಾತಿಗೆ ವಿಷಯವಿಲ್ಲದೆ ಎದುರುಬದುರು ಕುಳಿತಿರುತ್ತಿದ್ದ ತಂದೆಮಕ್ಕಳಿಗೆ ಆ ದಿನದಿಂದ ಒಂದು ವಿಷಯ ದೊರೆಯಿತು. ಈ ಭಾಗವನ್ನು ಗ್ರಂಥಕರ್ತರು ಕಣ್ಣೀರಿಗೆ ಎಡೆಗೊಡದೆ ಬರೆದಿದ್ದಾರೆ. ಆದುದರಿಂದಲೇ ಅದು ಮನಸ್ಸಿಗೆ ನಾಟುತ್ತದೆ.

ನಮ್ಮ ಗಮನವನ್ನು ಹೆಚ್ಚಾಗಿ ಸೆಳೆದ ಸಂಗತಿ ಬೇರೊಂದು. ಗ್ರಂಥಕರ್ತರು ಬೆಳೆದದ್ದು ಲಂಡನ್ನಿನಲ್ಲಲ್ಲ, ಅಲ್ಲಿಂದ ನಲವತ್ತು ಕಿಲೋಮೀಟರುಗಳಿಗೂ ಆಚೆಯ ಮೇಡನ್‌ಹೆಡ್ ಎಂಬ ಸಣ್ಣ ಊರಿನಲ್ಲಿ. ಅದಕ್ಕೆ ಇನ್ನೂ ಹತ್ತಿರವಾದುದು ರೆಡಿಂಗ್ ಪಟ್ಟಣ. ೧೯೭೨ರಲ್ಲಿ ಆರ್ಸೆನಲ್ ತಂಡವು ಆ ರೆಡಿಂಗಿಗೇ ಆಡಲು ಬಂದಾಗ, ಪಕ್ಕದೂರಿನ ಈ ಹುಡುಗನು ತಾನು ಲಂಡನ್ನಿನವನೆಂದೇ ನಟಿಸಿದನಂತೆ! ತಮಗೆ ಸ್ವಂತದ್ದೆಂಬ ಊರೂ ನುಡಿಯ ಸೊಗಡೂ ಇಲ್ಲದ್ದರಿಂದ ಇನ್ನೊಬ್ಬರ ಊರನ್ನು ಕಡ ತಂದೆವೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ತನ್ನನ್ನು ತಾನೇ ನಗೆಗೀಡುಮಾಡಿಕೊಳ್ಳುವ ಈ ಧೈರ್ಯ ಆತ್ಮಕಥೆ ಬರೆಯುವವರಲ್ಲಿ ಅಪೂರ್ವವಾದುದು.

ಇಂಥವನಿಗೆ ನಾವು ‘ಅಭಿಮಾನಿ’ ಎನ್ನುತ್ತೇವೆ. ಈ ಪದ ಆಂಗ್ಲದವರ ಪದಕ್ಕಿಂತ ಆಳವಾದುದು. ದೇಶಾಭಿಮಾನ, ಭಾಷಾಭಿಮಾನಗಳಲ್ಲಿ ಅದು ಸದ್ಗುಣ. ವೇದಾಂತಿಗಳು ದೇಹಾಭಿಮಾನವೆಂದಾಗಲಾದರೋ, ತನ್ನದಲ್ಲದ್ದನ್ನು ತನ್ನದೆಂದು ತಿಳಿಯುವ ಭ್ರಮೆ. ದೂರದ ಕ್ಲಬ್ಬನ್ನು ‘ನಮ್ಮದು’ ಎನ್ನುವವನಲ್ಲಿ ಎರಡರ್ಥಗಳೂ ಕೂಡಿಕೊಂಡಿವೆ.

ಕೊಪ್ಪಳದ ತರುಣನು ಯಾವ ಕ್ಲಬ್ಬನ್ನು ನಮ್ಮದೆನ್ನಬೇಕು? ೧೯೫೬ರ ನವೆಂಬರ್ ಒಂದರವರೆಗೆ ನಾವು ಹೈದರಾಬಾದ್ ರಾಜ್ಯದವರು. ರಹೀಂ ಸಾಹೇಬರು ಪಳಗಿಸಿದ ಹೈದರಾಬಾದ್ ನಗರ ಪೋಲೀಸ್ ತಂಡವು ೧೯೫೦ರಿಂದ ೧೯೫೪ರವರೆಗೆ ಐದು ವರ್ಷ ಬಿಡದೆ ರೋವರ್ಸ್ ಕಪ್ಪನ್ನು ಗೆದ್ದಾಗ, ಕಾಗದಪತ್ರಗಳ ಲೆಕ್ಕದಲ್ಲಿ ಅದು ನಮ್ಮ ರಾಜಧಾನಿಯ ತಂಡವೇ ಆಗಿತ್ತು. ಇಂದಿನ ತರುಣರ ಒಲವು ೨೦೧೩ರಲ್ಲಿ ಹುಟ್ಟಿದ ಬೆಂಗಳೂರು ಕ್ಲಬ್ಬಿನ ಕಡೆಗೆ. ಅದನ್ನು ಹುಟ್ಟುಹಾಕಿದ ಜೆ.ಎಸ್.ಡಬ್ಲ್ಯು. ಸಮೂಹದ ಉಕ್ಕಿನ ಕಾರ್ಖಾನೆ ನೆರೆಯ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿದೆ. ಹಣದ ಮೂಲ ನಮಗೆ ಹತ್ತಿರ, ಆಟದ ಬಯಲು ಮಾತ್ರ ದೂರ! ಕಂಠೀರವ ಕ್ರೀಡಾಂಗಣದಲ್ಲಿ ತೊಂಬತ್ತು ನಿಮಿಷದ ಆಟ ನೋಡಬೇಕಾದರೆ ಹೋಗುವಾಗ ಒಂದು ರಾತ್ರಿ, ಬರುವಾಗ ಒಂದು ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಕಳೆಯತಕ್ಕದ್ದು. ಇಷ್ಟಾಗಿಯೂ ಕ್ಲಬ್ಬು ಅಲ್ಲಿಯೇ ಇದ್ದೀತೆಂಬ ಭರವಸೆಯಾದರೂ ಉಂಟೇ? ೨೦೧೯ರಲ್ಲಿ ಹುಟ್ಟಿ, ೨೦೨೨ರಲ್ಲಿ ಇಂಡಿಯನ್ ಸೂಪರ್ ಲೀಗನ್ನು ಗೆದ್ದ ಹೈದರಾಬಾದ್ ಕ್ಲಬ್ಬು ೨೦೨೫ರಲ್ಲಿ ಹೆಸರನ್ನೂ ಊರನ್ನೂ ಬದಲಿಸಿ ದಿಲ್ಲಿಗೆ ಹೋಯಿತು. ಅಲ್ಲಿಯ ಅಭಿಮಾನಿಗಳು ತಮ್ಮ ಮನೆಯಿಂದ ಒಂದು ಹೆಜ್ಜೆ ಕದಲದೆಯೇ ದೂರದವರಾದರು.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಆಟಗಾರರ ಹೆಸರುಗಳ ಸಂತೆಯಲ್ಲಿ ನಮ್ಮ ವಾಚಕರು ದಾರಿ ತಪ್ಪುವರು. ಹೆಂಗಸರಿಗೆ ಆ ಲೋಕದಲ್ಲಿ ಸ್ಥಳ ಬಹು ಕಡಿಮೆ. ಇವಕ್ಕಿಂತ ದೊಡ್ಡ ಆಕ್ಷೇಪಣೆ ಇನ್ನೊಂದಿದೆ. ಮಳೆಯಲ್ಲಿ, ಚಳಿಯಲ್ಲಿ, ಸೋಲಿನಲ್ಲಿ ಬಯಲಿಗೇ ಹೋಗಿ ನಿಂತವನ ಹೆಮ್ಮೆಯು ಈ ಪುಸ್ತಕದ ಉದ್ದಕ್ಕೂ ಹರಿದಿದೆ. ಅಭಿಮಾನದ ಅಳತೆಗೋಲು ಅದೇ ಎಂಬಂತೆ ತೋರುತ್ತದೆ. ಆದರೆ ಗ್ರಂಥದ ಶಿಖರಪ್ರಾಯವಾದ ಪ್ರಕರಣ ಯಾವುದು? ೧೯೮೯ರ ಮೇ ೨೬ರ ಪಂದ್ಯ. ಲಿವರ್‌ಪೂಲಿನಲ್ಲಿ, ಲಿವರ್‌ಪೂಲ್ ತಂಡವನ್ನೇ ಎರಡು ಗೋಲುಗಳ ಅಂತರದಿಂದ ಸೋಲಿಸಿದರೆ ಮಾತ್ರ ಆರ್ಸೆನಲ್ಲಿಗೆ ಲೀಗ್ ಪ್ರಶಸ್ತಿ. ಎರಡನೆಯ ಗೋಲನ್ನು ಮೈಕೇಲ್ ಥಾಮಸನು ಕಟ್ಟಕಡೆಯ ಕ್ಷಣದಲ್ಲಿ ಹೊಡೆದನು. ಆಗ ನಮ್ಮ ಗ್ರಂಥಕರ್ತರು ಎಲ್ಲಿದ್ದರು? ಲಂಡನ್ನಿನ ತಮ್ಮ ಮನೆಯಲ್ಲಿ, ಗೆಳೆಯರೊಡನೆ, ದೂರದರ್ಶನದ ಮುಂದೆ! ಹದಿನೆಂಟು ವರ್ಷಗಳ ಕಾಯುವಿಕೆಯ ಫಲವನ್ನು ಅವರೂ ನಮ್ಮಂತೆ ಪರದೆಯ ಮೇಲೆಯೇ ಕಂಡವರು.

ಹಾಗಾದರೆ ಅವರಿಗೂ ನಮ್ಮ ಹುಡುಗರಿಗೂ ಭೇದವೇನು? ಉತ್ತರವು ಮುಂದಿನ ಸಾಲುಗಳಲ್ಲಿದೆ. ಆಟ ಮುಗಿದೊಡನೆ ಅವರು ಬೀದಿಗೆ ಓಡಿದರು. ಆಗ ಅವರ ವಾಸ ಆರ್ಸೆನಲ್ ಬಯಲಿನ ಸಮೀಪದಲ್ಲಿಯೇ ಇದ್ದುದರಿಂದ, ಬೀದಿಯೇ ಸಂತೋಷದಿಂದ ಉಕ್ಕುತ್ತಿತ್ತು. ದೂರದ ಅಭಿಮಾನಿಗೆ ಕೊರತೆಯಾಗಿರುವುದು ಬಯಲಲ್ಲ, ಆ ಬೀದಿ. ಗ್ರಂಥಕರ್ತರು ಇದನ್ನು ಬರೆದಿದ್ದಾರೆ. ಆದರೆ ಬರೆದುದರ ಬೆಲೆಯನ್ನು ಅವರೇ ಅರಿತಂತೆ ಕಾಣುವುದಿಲ್ಲ. ಬೀದಿಯಿದ್ದವರಿಗೆ ಅದು ತಿಳಿಯುವುದು ಕಷ್ಟ.

೨೦೧೯ರ ಮಾರ್ಚ್ ೧೭ರ ರಾತ್ರಿ ಬೆಂಗಳೂರು ತಂಡವು ಮುಂಬಯಿಯಲ್ಲಿ ಗೋವೆಯವರೊಡನೆ ಇಂಡಿಯನ್ ಸೂಪರ್ ಲೀಗಿನ ಕೊನೆಯ ಪಂದ್ಯವನ್ನಾಡಿತು. ನಮ್ಮ ತಂಗಿಯ ಮಗನು ಬೆಂಗಳೂರಿನಲ್ಲಿ ನಾಲ್ಕು ವರ್ಷ ಓದಿ, ಒಂದು ನೀಲಿ ಶಾಲನ್ನು ಸಂಪಾದಿಸಿಕೊಂಡು ಕೊಪ್ಪಳಕ್ಕೆ ಮರಳಿದವನು. ಆ ಸೆಕೆಯಲ್ಲಿಯೂ ಅದನ್ನು ಕೊರಳಿಗೆ ಸುತ್ತಿಕೊಂಡು ಒಬ್ಬನೇ ಕುಳಿತಿದ್ದನು. ಹೆಚ್ಚುವರಿ ಆಟದ ಕೊನೆಯ ನಿಮಿಷಗಳಲ್ಲಿ ರಾಹುಲ್ ಭೇಕೆ ತಲೆಯಿಂದ ಗೋಲು ಹೊಡೆದರು. ಹುಡುಗನು ಕೂಗಿಕೊಂಡು ಬಾಗಿಲು ತೆರೆದು ಓಣಿಗೆ ಧುಮುಕಿದನು. ಓಣಿಯಲ್ಲಿ ಒಂದು ನಾಯಿಯ ಹೊರತು ಯಾರೂ ಇರಲಿಲ್ಲ. ಎದುರು ಮನೆಯ ಅಜ್ಜಿ ಕಿಟಕಿ ತೆರೆದು, “ಯಾಕೋ ತಮ್ಮಾ, ಚೇಳು ಕಡೀತೇನು?” ಎಂದು ಕೇಳಿದಳು. ಇವನು “ಇಲ್ಲಬೇ ಅಜ್ಜಿ, ನಾವು ಗೆದ್ವಿ” ಎಂದನು. ಅಜ್ಜಿ, “ಯಾವ ಇಲೆಕ್ಷನ್ನೋ?” ಎಂದಳು.